ಎಳೆ ಕಿತ್ತು ಮಾಡುವ ಬಟ್ಟೆ

ಹೊಸ ಬಟ್ಟೆಯಲ್ಲಿ ಒಂದೆಳೆ ಬಿಟ್ಟಿದ್ದರೂ ನಾವು ಅಂಗಡಿಯವನ ಜತೆ ಜಗಳಕ್ಕೆ ನಿಲ್ಲುತ್ತೇವೆ. ನೈಜೀರಿಯಾದ ಕಲಾಬರಿ ಹೆಂಗಸರು ಹೊಸ ಬಟ್ಟೆಯ ಎಳೆಗಳನ್ನು ಬೇಕೆಂದೇ ಕತ್ತರಿಸಿ ಕಿತ್ತುಹಾಕುತ್ತಾರೆ. ಹಾಗೆ ಕಿತ್ತ ಬಟ್ಟೆಗೇ ಅಲ್ಲಿ ಮರ್ಯಾದೆ ಹೆಚ್ಚು.

ನೈಜರ್ ನದಿಯ ಮುಖಜಭೂಮಿಯಲ್ಲಿ, ಬುಗುಮಾ ಪಟ್ಟಣದ ಸುತ್ತ, ಕಾಂಡ್ಲಾ ಕಾಡಿನ ನಡುವಿನ ದ್ವೀಪಗಳಲ್ಲಿ ಬಾಳಿದ ಜನ ಇವರು. ಕಸುಬು ಮೀನುಗಾರಿಕೆ, ವ್ಯಾಪಾರ. ನೇಯ್ಗೆ ಇವರ ರೂಢಿಯಲ್ಲಿಲ್ಲ. ಬಟ್ಟೆ ಹೊರಗಿನಿಂದಲೇ ಬರಬೇಕು. ಹಾಗೆ ಬಂದದ್ದರಲ್ಲಿ ಇವರು ಮನಸೋತದ್ದು ನಮ್ಮ ಮದ್ರಾಸಿನ ಚೌಕುಳಿ ಬಟ್ಟೆಗೆ. ಅವರ ಬಾಯಲ್ಲಿ ಅದು ಇಂಜಿರಿ. ಯುರೋಪಿನ ವರ್ತಕರು ಹಡಗಿನಲ್ಲಿ ಒಯ್ದ ಈ ಮಾಲನ್ನು 20ನೇ ಶತಮಾನದಲ್ಲೂ ಆಂಧ್ರದ ಚೀರಾಲದಂಥ ಊರುಗಳ ನೇಕಾರರು ಪಶ್ಚಿಮ ಆಫ್ರಿಕಾಕ್ಕೆಂದೇ ಕೈಮಗ್ಗದಲ್ಲಿ ನೇಯುತ್ತಿದ್ದರು. ಅಸಲಿಯೋ ನಕಲಿಯೋ ಎಂದು ಕಲಾಬರಿ ಹಿರಿಯರು ಬಟ್ಟೆಯನ್ನು ಮುಟ್ಟಿ, ಮೂಸಿ ಹೇಳಬಲ್ಲರು.

ಕೆಲಸ ನೋಡಲು ಸರಳ. ಸೂಜಿಮೊನೆಯಿಂದ ತೆಳುಬಣ್ಣದ ಒಂದೆಳೆಯನ್ನು ಮೀಟಿ ಎತ್ತಬೇಕು, ಬ್ಲೇಡು ತಾಗಿಸಿ ಕತ್ತರಿಸಬೇಕು. ತುಸು ದೂರದಲ್ಲಿ ಅದೇ ಎಳೆಯನ್ನು ಮತ್ತೊಮ್ಮೆ ಕತ್ತರಿಸಿ, ನಡುವಿನ ತುಂಡನ್ನು ಎಳೆದು ತೆಗೆಯಬೇಕು. ಪಕ್ಕದ ಎಳೆಗೆ ಬ್ಲೇಡು ತಗುಲಿದರೆ ಮತ್ತೆ ಜೋಡಿಸಲಾಗದು. ಸಾಮಾನ್ಯವಾಗಿ ಬಿಳಿ, ತಿಳಿಬಣ್ಣದ ಎಳೆಗಳು ಹೋಗಿ, ಗಾಢ ಬಣ್ಣದವು ಉಳಿಯುತ್ತವೆ. ಮದ್ರಾಸಿನ ಚೌಕಗಳು ಕರಗಿ ಬೇರೆಯದೇ ಚಿತ್ತಾರ ಏಳುತ್ತದೆ. ಆಮೆಯ ವಿನ್ಯಾಸ ಅಂಥದ್ದೊಂದು. ಬಟ್ಟೆ ಹಗುರಾಗಿ, ಬೆಳಕಿಗೆ ಹಿಡಿದರೆ ಜಾಲರಿಯಂತೆ ಕಾಣುತ್ತದೆ. ಇದಕ್ಕೆ ಪೆಲೆಟೆ ಬಿಟೆ, ಅಂದರೆ ಕತ್ತರಿಸಿದ ಬಟ್ಟೆ, ಎಂದು ಹೆಸರು.

ಹೊರಗಿನ ವಸ್ತುವನ್ನು ಒಂದು ಸಮುದಾಯ ಹೀಗೆ ತನ್ನದಾಗಿಸಿಕೊಳ್ಳುವ ಬಗೆಯನ್ನು ಅಮೆರಿಕದ ವಿದ್ವಾಂಸೆ ಜೋನ್ ಐಕರ್ ಮತ್ತು ಕಲಾಬರಿಯವರೇ ಆದ ಟೋನ್ಯೆ ಎರೆಕೊಸಿಮಾ 1980ರ ಆಸುಪಾಸಿನಲ್ಲಿ ವಿವರಿಸಿದರು. ಆ ಸಿದ್ಧಾಂತ ಒಪ್ಪುವಂಥದ್ದೇ. ಆದರೂ ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಆ ಹೆಂಗಸರ ಧೈರ್ಯ: ದುಡ್ಡು ಕೊಟ್ಟು ತಂದ ಬಟ್ಟೆಗೆ ಬ್ಲೇಡು ಹಾಕುವುದು ಹುಡುಗಾಟವಲ್ಲ.

ಗಂಡಸರೂ ಹೆಂಗಸರೂ ಪೆಲೆಟೆ ಬಿಟೆಯನ್ನು ಸೊಂಟಕ್ಕೆ ಸುತ್ತಿ ಉಡುತ್ತಾರೆ. ಗಂಡಸರ ಮೇಲಂಗಿಯಲ್ಲಂತೂ ಅಂತಸ್ತಿಗೊಂದು ಬಗೆ. ಡೋನಿ ಎಂಬ ಉದ್ದನೆಯ ನಿಲುವಂಗಿ ಮುಖಂಡರಿಗೆ. ಆದರೆ ಬಟ್ಟೆಯ ನಿಜವಾದ ವೈಭವ ಕಾಣುವುದು ಹಿರಿಯರ ಸಾವಿನಲ್ಲಿ. ಮನೆತನದ ಪೆಟ್ಟಿಗೆಗಳು ತೆರೆಯುತ್ತವೆ. ತಲೆಮಾರುಗಳಿಂದ ಕಾಪಿಟ್ಟ ಬಟ್ಟೆಗಳಿಂದ ಕೋಣೆಗಳನ್ನೂ ಮಂಚಗಳನ್ನೂ ಸಿಂಗರಿಸುತ್ತಾರೆ. ಶವಸಂಸ್ಕಾರ ಮುಗಿದ ಮೇಲೂ ಖಾಲಿ ಮಂಚದ ಮೇಲೆ ಬಟ್ಟೆಗಳನ್ನು ನಾನಾ ಆಕಾರಕ್ಕೆ ಮಡಿಚಿ ಜೋಡಿಸುತ್ತಾರೆ. ನೋಡಲು ಬಂದವರು ದುಃಖವನ್ನೂ ಹಂಚಿಕೊಳ್ಳುತ್ತಾರೆ, ಆ ಮನೆಯಲ್ಲಿ ಹಳೆಯ ಇಂಜಿರಿ ಎಷ್ಟಿದೆ ಎಂಬುದನ್ನೂ ಕಣ್ಣಲ್ಲೇ ಅಳೆದುಕೊಂಡು ಹೋಗುತ್ತಾರೆ.