ಗುಜರಿ ತಕ್ಕಡಿಗೆ ರುಜು ಕಾಣುವುದಿಲ್ಲ!

ಮೇ ತಿಂಗಳು ಬಂತೆಂದರೆ ಮಂಗಳೂರಿನ ಹಳೇ ಮನೆಗಳಲ್ಲಿ ಅಟ್ಟ ಗುಡಿಸುವ ಗೌಜಿ. ಒಡೆದ ಹಂಚು ಬದಲಿಸಬೇಕು, ಸೋರುವ ಜಾಗ ನೋಡಬೇಕು, ಮಳೆ ಹಿಡಿಯುವ ಮೊದಲು ಕಟ್ಟಿಗೆ ಒಳಗೆ ಬರಬೇಕು. ಈ ಗಡಿಬಿಡಿಯಲ್ಲಿ ಅಜ್ಜನ ಕಾಲದ ತಗಡಿನ ಪೆಟ್ಟಿಗೆಯೂ ಕೆಳಗಿಳಿಯುತ್ತದೆ. ಮುಚ್ಚಳ ತೆಗೆದರೆ ಧೂಳು, ಜಿರಳೆ ಹಿಕ್ಕೆ, ಅಂಚು ಹಳದಿಗಟ್ಟಿದ ಪುಸ್ತಕ, ಹುರಿಯಲ್ಲಿ ಕಟ್ಟಿಟ್ಟ ವಾರಪತ್ರಿಕೆಗಳು. “ಇದೆಂತಕ್ಕೆ ಮಾರಾಯ್ರೆ ಇನ್ನು? ಓದುವವರು ಯಾರುಂಟು?” ಎಂಬ ಮಾತಿಗೆ ಮನೆಯವರೆಲ್ಲರ ಒಪ್ಪಿಗೆ. ಗುಜರಿಯವರು ಬರುತ್ತಾರೆ. ಕಬ್ಬಿಣಕ್ಕೊಂದು ದರ, ಬಾಟ್ಲಿಗೊಂದು ದರ, ಕಾಗದಕ್ಕೊಂದು ದರ. ಕಿಲೋ ಲೆಕ್ಕದಲ್ಲಿ ತೂಗಿ ಹೋಯಿತು, ಅಲ್ಲಿಗೆ ಕತೆ ಮುಗಿಯಿತು.

ಮುಗಿಯಿತೇ? ಆ ಕಟ್ಟಿನಲ್ಲಿ ಏನಿತ್ತು ಎಂದು ಪುಟ ತಿರುವಿ ನೋಡಿದವರು ಎಷ್ಟು ಮಂದಿ? ತಕ್ಕಡಿಗೆ ತೂಕ ಗೊತ್ತು. ಮೊದಲ ಹಾಳೆಯ ಮೇಲೆ ಗ್ರಂಥಕರ್ತರು ಸ್ವಂತ ಕೈಯಿಂದ ಹಾಕಿದ ರುಜು ಅದಕ್ಕೆ ಕಾಣುವುದಿಲ್ಲ. ತಪ್ಪು ಗುಜರಿಯವರದಲ್ಲ. ಅವರು ಕಾಗದ ಕೊಂಡರು. ಪುಸ್ತಕ ಮಾರಿದ್ದು ಮನೆಯವರು!

ಹಳೇ ಪುಸ್ತಕ, ಹಳೇ ಪತ್ರಿಕೆ ಕೂಡಿಡುವವರನ್ನು ಕಂಡರೆ ಜನ ನಗುವುದುಂಟು. ಹುಚ್ಚು ಎನ್ನುವುದೂ ಉಂಟು. ಆದರೆ ಈ ಹುಚ್ಚಿಗೂ ಒಂದು ಕ್ರಮವಿದೆ. ಅವರು ಮುಖ್ಯವಾಗಿ ಹುಡುಕುವುದು ಮೂರು: ಪುಸ್ತಕದ ಮೊದಲ ಮುದ್ರಣ, ಅದರ ಮೇಲೆ ಬರೆದವರ ಹಸ್ತಾಕ್ಷರ, ಪತ್ರಿಕೆಯಾದರೆ ನಡುವೆ ಒಂದೂ ತಪ್ಪದ ಸಂಚಿಕೆಗಳ ಸಾಲು. ಐವತ್ತೆರಡು ವಾರದಲ್ಲಿ ಐವತ್ತೊಂದು ಇದ್ದು ಒಂದು ಇಲ್ಲವಾದರೆ, ಆ ಒಂದಕ್ಕಾಗಿ ವರ್ಷಗಟ್ಟಲೆ ಸಂತೆ ಸುತ್ತುವವರಿದ್ದಾರೆ.

ಅಚ್ಚಿನ ಊರು ನಮ್ಮದು

ಬೇರೆ ಊರಿನ ಮಾತು ಬಿಡಿ. ಕನ್ನಡದ ಮೊದಲ ಪತ್ರಿಕೆ ಹುಟ್ಟಿದ್ದೇ ಮಂಗಳೂರಿನಲ್ಲಿ. 1843ರ ಜುಲೈ 1ರಂದು ಬಾಸೆಲ್ ಮಿಶನ್ನಿನ ಹೆರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಹೊರಡಿಸಿದರು. ಕಲ್ಲಚ್ಚಿನ ಪತ್ರಿಕೆ, ಹದಿನೈದು ದಿನಕ್ಕೊಂದು. ಮರುವರ್ಷವೇ ಅದು ಬಳ್ಳಾರಿಗೆ ಹೋಯಿತು. ಇವತ್ತಿಗೂ ಜುಲೈ 1 ನಮ್ಮ ರಾಜ್ಯದಲ್ಲಿ ಪತ್ರಿಕಾ ದಿನ.

ಕಿಟೆಲರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಅಚ್ಚಾಗಿ ಹೊರಬಂದದ್ದೂ ಇದೇ ಊರಿನಲ್ಲಿ. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎಂದು ಹೆಸರಾದ ‘ಇಂದಿರಾಬಾಯಿ’, ಗುಲ್ವಾಡಿ ವೆಂಕಟರಾಯರದು, 1899ರಲ್ಲಿ ಬಂದದ್ದೂ ಇಲ್ಲಿಂದಲೇ. ಪುತ್ತೂರಿನಲ್ಲಿ ದಶಕಗಳ ಕಾಲ ನೆಲೆಸಿದ್ದ ಶಿವರಾಮ ಕಾರಂತರು ತಮ್ಮ ಹಲವು ಪುಸ್ತಕಗಳನ್ನು ಹರ್ಷ ಪ್ರಕಟಣಾಲಯದ ಹೆಸರಿನಲ್ಲಿ ತಾವೇ ಹೊರತಂದರು. ಮಂಜೇಶ್ವರದಲ್ಲಿ ಗೋವಿಂದ ಪೈಗಳಿದ್ದರು. ಇವರ ಕಾಲದಲ್ಲಿ ಶಾಲಾ ಮಾಸ್ತರರು, ವಕೀಲರು, ಅಂಗಡಿ ಯಜಮಾನರು ಪುಸ್ತಕ ಕೊಂಡರು, ಕೆಲವರು ಎದುರು ನಿಂತು ರುಜು ಹಾಕಿಸಿಕೊಂಡರು. ಆ ಪ್ರತಿಗಳೆಲ್ಲ ಎಲ್ಲಿ ಹೋದವು? ಒಂದಷ್ಟು ಇನ್ನೂ ಈ ಜಿಲ್ಲೆಯ ಅಟ್ಟಗಳ ಮೇಲೆಯೇ ಇದ್ದರೆ ಆಶ್ಚರ್ಯವಿಲ್ಲ.

ಬೆಲೆ ನೋಡಿ ಕಾಲ ಹೇಳಿ

ಪುಸ್ತಕ ಎಷ್ಟು ಹಳೆಯದು ಎಂದು ತಿಳಿಯಲು ಪಂಡಿತರೇ ಬೇಕೆಂದಿಲ್ಲ. ಲೆಕ್ಕ ಗೊತ್ತಿದ್ದ ವ್ಯಾಪಾರಿಗೆ ಇದು ಇನ್ನೂ ಸುಲಭ. ವರ್ಷ ಅಚ್ಚಾಗದ ಪುಸ್ತಕವೂ ತನ್ನ ವಯಸ್ಸು ಹೇಳಿಬಿಡುತ್ತದೆ.

ಮೊದಲು ಬೆಲೆ ನೋಡಿ. ರೂಪಾಯಿ-ಅಣೆಯಲ್ಲಿ ಉಂಟೋ, ಸಾಮಾನ್ಯವಾಗಿ ಅದು 1957ಕ್ಕಿಂತ ಹಿಂದಿನದು. ಯಾಕೆಂದರೆ ಆ ವರ್ಷದ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಬಂತು. ‘ನಯೇ ಪೈಸೆ’ ಎಂದಿದ್ದರೆ 1957ರಿಂದ 1964ರ ನಡುವಿನದು. ಆಮೇಲೆ ‘ನಯೇ’ ಹೋಯಿತು, ಬರೇ ಪೈಸೆ ಉಳಿಯಿತು.

ಇನ್ನು ವಿಳಾಸ ನೋಡಿ. ಪಿನ್‌ಕೋಡ್ ಬಂದದ್ದು 1972ರ ಆಗಸ್ಟ್ 15ರಂದು. ವಿಳಾಸದಲ್ಲಿ ಪಿನ್ ಉಂಟೆಂದರೆ ಪುಸ್ತಕ ಅದಕ್ಕಿಂತ ಹಿಂದಿನದಾಗಲು ಸಾಧ್ಯವಿಲ್ಲ. ದಕ್ಷಿಣ ಕನ್ನಡವು ಮದ್ರಾಸಿಗೆ ಸೇರಿದ್ದು 1956ರ ಅಕ್ಟೋಬರ್ ಕೊನೆಯವರೆಗೆ. ಅಲ್ಲಿಂದ 1973ರ ನವೆಂಬರ್ 1ರವರೆಗೆ ಮೈಸೂರು ರಾಜ್ಯ. ಆಮೇಲೆ ಕರ್ನಾಟಕ. ಉಡುಪಿ ವಿಳಾಸದ ಮುಂದೆ ‘ದ.ಕ.’ ಎಂದಿದ್ದರೆ? ಉಡುಪಿ ಬೇರೆ ಜಿಲ್ಲೆಯಾದ 1997ಕ್ಕಿಂತ ಹಿಂದಿನದು ಎಂದು ಊಹಿಸಬಹುದು.

ಇದೆಲ್ಲ ಹೇಳುವುದು ಕಾಲವನ್ನು ಮಾತ್ರ. ಮೊದಲ ಮುದ್ರಣ ಹೌದೋ ಅಲ್ಲವೋ ತಿಳಿಯಲು ಹೆಸರಿನ ಪುಟದ ಹಿಂಬದಿ ತಿರುಗಿಸಿ. ‘ಮೊದಲನೆಯ ಮುದ್ರಣ’, ಪ್ರತಿಗಳು ಎಷ್ಟು, ಹಕ್ಕು ಯಾರದು ಎಂದು ಅಲ್ಲಿರುತ್ತದೆ. ಮುನ್ನುಡಿಯ ಕೆಳಗಿನ ತಾರೀಕು ನಂಬಿ ಮಾತ್ರ ಮೋಸ ಹೋಗಬೇಡಿ. ಐದನೆಯ ಮುದ್ರಣದಲ್ಲೂ ಮೊದಲ ಮುದ್ರಣದ ಮುನ್ನುಡಿ, ಅದೇ ಹಳೇ ತಾರೀಕಿನೊಂದಿಗೆ ಮತ್ತೆ ಅಚ್ಚಾಗುವುದು ವಾಡಿಕೆ. 1933ರ ‘ಚೋಮನ ದುಡಿ’ ಎಂದು ಹಿಗ್ಗಿ ಮನೆಗೆ ತಂದವರು ಹಿಂಬದಿ ನೋಡಿದ ಮೇಲೆ ಪೆಚ್ಚಾಗುವುದು ಹೀಗೆಯೇ.

ರುಜುವಿನಲ್ಲೂ ನಕಲಿ

ಬೇಡಿಕೆ ಇದ್ದಲ್ಲಿ ನಕಲಿ ಇದ್ದದ್ದೇ. ಚಿನ್ನಕ್ಕೆ ಒರೆಗಲ್ಲು ಇರುವಂತೆ ರುಜುವಿಗೂ ಒರೆಗಲ್ಲು ಉಂಟು. ಬೆರಳಿನಿಂದ ಹಾಳೆಯ ಹಿಂಬದಿ ಸವರಿ ನೋಡಿ. ಪೆನ್ನು ಒತ್ತಿದ ಗುರುತು ಸಿಗಬಹುದು. ಶಾಯಿ ಕಾಗದದೊಳಗೆ ಹರಡಿದ್ದರೆ ಅದೂ ಒಂದು ಸಾಕ್ಷಿ. ಕೆಲವು ಪುಸ್ತಕಗಳಲ್ಲಿ ರುಜುವನ್ನೇ ಬ್ಲಾಕು ಮಾಡಿಸಿ ಅಚ್ಚು ಹಾಕಿರುತ್ತಾರೆ. ಅದು ಎಲ್ಲ ಪ್ರತಿಯಲ್ಲೂ ಒಂದೇ, ಅದಕ್ಕೆ ವಿಶೇಷವಿಲ್ಲ. 1933 ಎಂದು ತಾರೀಕು ಹಾಕಿದ ರುಜು ಬಾಲ್ ಪೆನ್ನಿನದಾದರೆ? ಆಗ ಬಾಲ್ ಪೆನ್ನು ಪೇಟೆಗೇ ಬಂದಿರಲಿಲ್ಲ! ಗೋವಿಂದ ಪೈಗಳು ತೀರಿಕೊಂಡದ್ದು 1963ರಲ್ಲಿ, ಕಾರಂತರು 1997ರಲ್ಲಿ. ಅದಕ್ಕಿಂತ ಈಚೆಗೆ ಅಚ್ಚಾದ ಪ್ರತಿಯ ಮೇಲೆ ಅವರ ರುಜು ಉಂಟೆಂದು ಯಾರಾದರೂ ತಂದರೆ ಒಂದು ಚಾ ಕುಡಿಸಿ ಕಳಿಸಿ, ದುಡ್ಡು ಮಾತ್ರ ಕೊಡಬೇಡಿ.

ರುಜುವಿನ ಜತೆ ಇಂಥವರಿಗೆ ಎಂದು ಹೆಸರು ಬರೆದಿದ್ದರೆ ಬೆಲೆ ಕಡಿಮೆ ಎಂದು ಕೆಲವರ ಎಣಿಕೆ. ಯಾವಾಗಲೂ ಹಾಗಲ್ಲ. ಒಬ್ಬ ಕವಿ ಇನ್ನೊಬ್ಬ ಕವಿಗೆ ಬರೆದುಕೊಟ್ಟ ಪ್ರತಿಯಾದರೆ ಅವರಿಬ್ಬರ ಒಡನಾಟಕ್ಕೇ ಅದು ದಾಖಲೆ. ಗ್ರಂಥಾಲಯದ ಮೊಹರು ಇದ್ದರೆ ಮಾತ್ರ ಜಾಗ್ರತೆ. ಅದನ್ನು ಕೊಂಡವರು ಎಲ್ಲಿಂದ ಬಂತು ಎಂದು ಕೇಳಲೇಬೇಕು.

ಜಾಹೀರಾತು ಹರಿಯಬೇಡಿ

ಪುಸ್ತಕಕ್ಕಾದರೂ ಮರುಮುದ್ರಣ ಉಂಟು. ಪತ್ರಿಕೆಗೆ ಅದೂ ಇಲ್ಲ. ವಾರ ಕಳೆದರೆ ಹಳತು, ತಿಂಗಳು ಕಳೆದರೆ ರದ್ದಿ. ಆದರೆ ಎಷ್ಟೋ ಕತೆ, ಕಾದಂಬರಿ ಪುಸ್ತಕವಾಗುವ ಮೊದಲು ಪತ್ರಿಕೆಯಲ್ಲಿ ಬಂದವು. ನಿಜವಾದ ಮೊದಲ ಮುದ್ರಣ ಎಂದರೆ ಆ ಸಂಚಿಕೆಯೇ. ‘ರಾಶಿ’ ಎಂದೇ ಹೆಸರಾದ ಡಾ. ಎಂ. ಶಿವರಾಂ 1942ರಲ್ಲಿ ಬೆಂಗಳೂರಿನಲ್ಲಿ ‘ಕೊರವಂಜಿ’ ಶುರು ಮಾಡಿದರು, 1967ರಲ್ಲಿ ಅದು ನಿಂತಿತು. ಆರ್.ಕೆ. ಲಕ್ಷ್ಮಣ್ ದೇಶಕ್ಕೆಲ್ಲ ಪರಿಚಯವಾಗುವ ಮೊದಲು ಅದರಲ್ಲಿ ಚಿತ್ರ ಬರೆದಿದ್ದರು. ಆ ಸಂಚಿಕೆಗಳ ಹಿಂದೆ ಜನ ಬೀಳದೆ ಇರುತ್ತಾರೆಯೇ? ‘ಸುಧಾ’ದ ಮೊದಲ ಸಂಚಿಕೆ 1965ರ ಜನವರಿಯದು. ಮಣಿಪಾಲದ ‘ತರಂಗ’ 1983ರದು. ವಡ್ಡರ್ಸೆ ರಘುರಾಮ ಶೆಟ್ಟರು ಓದುಗರಿಂದಲೇ ಷೇರು ಹಣ ಕೂಡಿಸಿ 1984ರಲ್ಲಿ ಮಂಗಳೂರಿನಿಂದ ಹೊರಡಿಸಿದ ‘ಮುಂಗಾರು’ ಬಹುಕಾಲ ಬಾಳಲಿಲ್ಲ. ಆಗ ಷೇರು ಕೊಂಡವರ ಮನೆಯಲ್ಲಿ ಅದರ ಮೊದಲ ಸಂಚಿಕೆ ಉಂಟೇ? ಒಮ್ಮೆ ಹುಡುಕಿ ನೋಡಬಹುದು.

ಬಂದರಿನ, ರಥಬೀದಿಯ, ಹಂಪನಕಟ್ಟೆಯ ಅಂಗಡಿಯವರು ಇನ್ನೊಂದು ಮಾತು ಕೇಳಬೇಕು. ಹಳೇ ಪತ್ರಿಕೆ ಬೈಂಡು ಮಾಡಿಸುವಾಗ ಬೈಂಡರು ಮೊದಲು ಕೀಳುವುದು ರಕ್ಷಾಪುಟ ಮತ್ತು ಜಾಹೀರಾತಿನ ಹಾಳೆ. “ಅದರಲ್ಲಿ ಓದಲಿಕ್ಕೆ ಎಂತ ಉಂಟು?” ಅಲ್ಲಿಯೇ ಉಂಟು ನೋಡಿ! ಊರಿನ ಪೇಟೆಯ ಚರಿತ್ರೆ ಬರೆದವರು ಕಡಿಮೆ. ಯಾವ ಜವಳಿ ಅಂಗಡಿ ಯಾವ ಬೀದಿಯಲ್ಲಿತ್ತು, ಯಾವ ಬಸ್ಸು ಎಷ್ಟು ಗಂಟೆಗೆ ಬಿಡುತ್ತಿತ್ತು, ಯಾವ ಸೋಡಾ ಯಾರದು, ಯಾವ ಟಾಕೀಸಿನಲ್ಲಿ ಯಾವ ಚಿತ್ರ ಓಡಿತು ಎಂಬುದೆಲ್ಲ ಉಳಿದಿರುವುದು ದೀಪಾವಳಿ ವಿಶೇಷಾಂಕದ ಜಾಹೀರಾತಿನಲ್ಲಿ, ಶಾಲೆ-ಸಂಘಗಳ ಸ್ಮರಣ ಸಂಚಿಕೆಯಲ್ಲಿ, ಯಕ್ಷಗಾನದ ಕರಪತ್ರದಲ್ಲಿ. ಅಜ್ಜ ಅಂಗಡಿ ತೆರೆದದ್ದು ಯಾವಾಗ ಎಂದು ಮೊಮ್ಮಗ ಕೇಳಿದರೆ ತೋರಿಸಲು ಅದೊಂದೇ ಕಾಗದ ಇರಬಹುದು. ಅದನ್ನೇ ಹರಿದು ಬಿಸಾಡಿದರೆ?

ಹಿಂದೆ ಹಳೇ ಪತ್ರಿಕೆ ದಿನಸಿ ಅಂಗಡಿಗೆ, ಕಡಲೆಯವನ ಗಾಡಿಗೆ ಬರುತ್ತಿತ್ತು. ಪೊಟ್ಟಣ ಬಿಚ್ಚುವಾಗ ಕಣ್ಣಿಗೆ ಬಿದ್ದು ಉಳಿದ ಹಾಳೆಗಳೂ ಇದ್ದವು. ಮಸಿಯ ವಿಷ ತಿಂಡಿಗೆ ಇಳಿಯುತ್ತದೆ, ಪತ್ರಿಕೆ ಕಾಗದದಲ್ಲಿ ಆಹಾರ ಕಟ್ಟಬೇಡಿ ಎಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲೂ 2023ರಲ್ಲೂ ಎಚ್ಚರಿಸಿತು. ಅದು ಸರಿಯಾದ ಮಾತೇ. ಆದರೆ ಅಂಗಡಿಗೆ ಬರದ ರದ್ದಿ ಗಿರಣಿಗೆ ಹೋಗಿ ಹಿಟ್ಟಾಗುತ್ತದೆ. ಅಂದರೆ ಮನೆಯ ಬಾಗಿಲಲ್ಲಿ ನೋಡದಿದ್ದರೆ ಮುಂದೆ ನೋಡುವವರು ಯಾರೂ ಇಲ್ಲ.

ಮಳೆ, ಗೆದ್ದಲು, ಟೇಪು

ಇಟ್ಟುಕೊಂಡರೆ ಸಾಲದು, ಉಳಿಸಬೇಕು. ಪತ್ರಿಕೆಯ ಕಾಗದ ಮರದ ತಿರುಳಿನದು. ಅದರೊಳಗಿನ ಆಮ್ಲವೇ ಅದನ್ನು ತಿನ್ನುತ್ತದೆ. ಬೆಳಕು, ಸೆಕೆ ತಾಗಿದಷ್ಟೂ ಹಳದಿಯಾಗಿ ಕೊನೆಗೆ ಹಪ್ಪಳದಂತೆ ಮುರಿಯುತ್ತದೆ. ನಮ್ಮ ಕರಾವಳಿಯಲ್ಲಿ ಮೇಲಿಂದ ನಾಲ್ಕು ತಿಂಗಳ ಮಳೆ, ಬೂಸ್ಟು, ಗೆದ್ದಲು. ಹಾಗಾಗಿ ಕಪಾಟನ್ನು ಗೋಡೆಗೆ ತಾಗಿಸಬಾರದು, ನೆಲಕ್ಕೆ ಇಡಬಾರದು. ಬಿಸಿಲಲ್ಲಿ ಒಣಗಿಸುವುದು ತಪ್ಪು. ನೆರಳಿನಲ್ಲಿ ಗಾಳಿಯಾಡಿಸಿದರೆ ಸಾಕು. ತುಕ್ಕು ಹಿಡಿದ ಪಿನ್ನು ಮೆಲ್ಲ ತೆಗೆದು ಹತ್ತಿಯ ನೂಲಿನಲ್ಲಿ ಹೊಲಿಯಬೇಕು. ಹರಿದಲ್ಲಿ ಸೆಲ್ಲೋಟೇಪು ಅಂಟಿಸುವುದು ಎಲ್ಲಕ್ಕಿಂತ ದೊಡ್ಡ ಅಪರಾಧ. ಕೆಲವು ವರ್ಷದಲ್ಲಿ ಟೇಪು ಬೀಳುತ್ತದೆ, ಕಂದು ಕಲೆ ಮಾತ್ರ ಶಾಶ್ವತ. ಲ್ಯಾಮಿನೇಷನ್ನಂತೂ ಬೇಡವೇ ಬೇಡ. ಏನಾದರೂ ಬರೆಯಲೇಬೇಕಿದ್ದರೆ ಪೆನ್ಸಿಲು.

ಕಾಯುವವರು ಯಾರು?

ಸರಕಾರ ನೋಡಿಕೊಳ್ಳುವುದಿಲ್ಲವೇ ಎಂದರೆ ಕಾನೂನು ಉಂಟು. 1954ರ ಕಾಯಿದೆಯ ಪ್ರಕಾರ ದೇಶದಲ್ಲಿ ಅಚ್ಚಾದ ಪುಸ್ತಕದ ಪ್ರತಿಗಳು ಕೋಲ್ಕತಾ, ಚೆನ್ನೈ, ಮುಂಬಯಿ, ದೆಹಲಿಯ ನಾಲ್ಕು ಗ್ರಂಥಾಲಯಗಳಿಗೆ ಹೋಗಬೇಕು. 1956ರಲ್ಲಿ ಪತ್ರಿಕೆಗಳನ್ನೂ ಅದಕ್ಕೆ ಸೇರಿಸಿದರು. ಆದರೆ ಆ ಪಟ್ಟಿಯಲ್ಲಿ ಮಂಗಳೂರಿಲ್ಲ, ಕರ್ನಾಟಕದ ಯಾವ ಊರೂ ಇಲ್ಲ. ನಾಲ್ಕು ಪುಟದ ಊರ ಪತ್ರಿಕೆ, ಸಂಘದ ಸ್ಮರಣ ಸಂಚಿಕೆ ಅಲ್ಲಿಯವರೆಗೆ ಹೋಗುವುದು ಎಷ್ಟರ ಮಟ್ಟಿಗೆ?

ಕಾದವರು ಇಲ್ಲದಿಲ್ಲ. ಬಲ್ಮಠದ ಕರ್ನಾಟಕ ಥಿಯೋಲಾಜಿಕಲ್ ಕಾಲೇಜಿನ ದಾಖಲೆ ಸಂಗ್ರಹದಲ್ಲಿ ಬಾಸೆಲ್ ಮಿಶನ್ ಕಾಲದ ಪುಸ್ತಕಗಳು ಉಳಿದಿವೆ. ಉಡುಪಿಯ ಎಂ.ಜಿ.ಎಂ. ಕಾಲೇಜಿನಲ್ಲಿ ಗೋವಿಂದ ಪೈಗಳ ಹೆಸರಿನ ಸಂಶೋಧನ ಕೇಂದ್ರ ಇದೆ. ಮಂಡ್ಯ ಜಿಲ್ಲೆ ಪಾಂಡವಪುರದ ಹತ್ತಿರ ಹರಳಹಳ್ಳಿಯಲ್ಲಿ ಅಂಕೇಗೌಡರು ‘ಪುಸ್ತಕ ಮನೆ’ ಕಟ್ಟಿದರು. ಅವರು ದುಡಿಮೆ ಶುರು ಮಾಡಿದ್ದು ಬಸ್ ಕಂಡಕ್ಟರಾಗಿ! ಸಂಬಳದಲ್ಲಿ ಉಳಿಸಿ ಕೊಂಡ ಪುಸ್ತಕ ಬೆಳೆದು ಬೆಳೆದು ಲಕ್ಷಗಟ್ಟಲೆಯಾಯಿತು. ಟಿಕೇಟು ಹರಿದುಕೊಟ್ಟ ಕೈಯೇ ಹಾಳೆ ಹರಿಯದಂತೆ ಕಾಯ್ದದ್ದು.

ಎಲ್ಲರೂ ಮನೆ ಕಟ್ಟಬೇಕಿಲ್ಲ. ಎಲ್ಲ ಹಳೇ ಪುಸ್ತಕವೂ ಬಂಗಾರವಲ್ಲ. ಹಳೇ ಪಠ್ಯಪುಸ್ತಕ, ಗೈಡು ಹೋದರೆ ಹೋಗಲಿ. ಆದರೆ ಗುಜರಿಯವರನ್ನು ಜಗಲಿಯಲ್ಲಿ ಹತ್ತು ನಿಮಿಷ ಕೂರಿಸಿ ಒಂದು ಲೋಟ ನೀರು-ಬೆಲ್ಲ ಕೊಟ್ಟರೆ ನಷ್ಟವೇನೂ ಇಲ್ಲ. ಅಷ್ಟರಲ್ಲಿ ಮೊದಲ ಹಾಳೆಯಲ್ಲಿ ರುಜು ಉಂಟೇ, ಹಿಂಬದಿಯಲ್ಲಿ ‘ಮೊದಲನೆಯ ಮುದ್ರಣ’ ಉಂಟೇ, ಬೆಲೆ ಅಣೆಯಲ್ಲಿ ಉಂಟೇ, ಪತ್ರಿಕೆ ಸಂಪುಟ ಒಂದು, ಸಂಚಿಕೆ ಒಂದೇ, ಊರಿನ ಅಂಗಡಿಯ ಹೆಸರು ಉಂಟೇ ಎಂದು ನೋಡಿಬಿಡಬಹುದು. ಇದ್ದರೆ ಬದಿಗಿಡಿ. ಸ್ವಂತಕ್ಕೆ ಬೇಡವಾದರೆ ಹತ್ತಿರದ ಕಾಲೇಜಿಗೆ, ಗ್ರಂಥಾಲಯಕ್ಕೆ ಕೇಳಿ. ಉಳಿದದ್ದು ತಕ್ಕಡಿಗೆ ಹೋಗಲಿ.

ತೂಕ ಒಂದೆರಡು ಕಿಲೋ ಕಡಿಮೆ ಬಿದ್ದೀತು, ಅಷ್ಟೇ.