ಜಗಲಿಯ ಮೇಲೊಂದು ಗಂಟೆ

“ನಾವೇ ಹೆಚ್ಚು ಓದಿದವರಲ್ಲ, ಮಕ್ಕಳಿಗೆ ಏನನ್ನು ಹೇಳಿಕೊಟ್ಟೇವು?” ಪೋಷಕರ ಸಭೆಯಲ್ಲಿ ಈ ಮಾತು ಕೇಳಿಬರದ ವರ್ಷವಿಲ್ಲ. ಇದರಲ್ಲಿ ನಿಜವೂ ಉಂಟು. ತಾಳವಾಡಿ, ಹೊಸೂರು ಪ್ರಾಂತಗಳ ನಮ್ಮ ಮಕ್ಕಳು ಕನ್ನಡದೊಡನೆ, 2006ರ ಕಾಯಿದೆಯಂತೆ, ತಮಿಳನ್ನೂ ಕಲಿಯಬೇಕು. ಇಂಗ್ಲಿಷಂತೂ ಇದ್ದೇ ಇದೆ. ಮೂರು ಲಿಪಿಗಳ ಹೊರೆ ಹೊತ್ತ ಮಗು ಎಲ್ಲೋ ಒಂದು ಒತ್ತಕ್ಷರದ ಬಳಿ ಎಡವಿ ನಿಂತರೆ, ಎರಡು ಮೂರು ತರಗತಿಗಳನ್ನು ಒಟ್ಟಿಗೆ ನಡೆಸುವ ಉಪಾಧ್ಯಾಯರ ಕಣ್ಣಿಗೆ ಅದು ಬೀಳುವುದು ಕಷ್ಟ. ಅಲ್ಲಿ ನಿಂತ ಮಗು ಮುಂದಿನ ತರಗತಿಗಳಲ್ಲಿಯೂ ಅಲ್ಲಿಯೇ ನಿಂತಿರುತ್ತದೆ.

ಆದರೆ ಅದನ್ನು ಕೈಹಿಡಿದು ದಾಟಿಸುವವರು ಪಂಡಿತರೇ ಆಗಬೇಕೆ? ಉತ್ತರ ಪ್ರದೇಶದ ಜೌನ್‌ಪುರ ಜಿಲ್ಲೆಯಲ್ಲಿ 2005-06ರಲ್ಲಿ ಇದನ್ನೇ ಪರೀಕ್ಷಿಸಿ ನೋಡಿದರು. ಪ್ರಥಮ್ ಎಂಬ ಸಂಸ್ಥೆಯೊಡನೆ ಈ ಕಾರ್ಯ ನಡೆಸಿದವರಲ್ಲಿ, ಮುಂದೆ 2019ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೋ ಅವರೂ ಇದ್ದರು. ಕೆಲವು ಹಳ್ಳಿಗಳಲ್ಲಿ ಸಭೆ ಸೇರಿಸಿ ಜನರಿಗೆ ಅವರ ಹಕ್ಕುಗಳನ್ನು ತಿಳಿಸಿದರು. ಇನ್ನು ಕೆಲವೆಡೆ, ಮಕ್ಕಳ ಓದನ್ನು ತಾವೇ ಪರೀಕ್ಷಿಸುವ ಬಗೆಯನ್ನೂ ತೋರಿಸಿದರು. ಮತ್ತೆ ಕೆಲವೆಡೆ ಇವೆಲ್ಲದರ ಜತೆಗೆ, ಊರಿನ ತರುಣ ತರುಣಿಯರಿಗೆ ಕೆಲವೇ ದಿನಗಳ ತರಬೇತಿ ಕೊಟ್ಟು, ಸಂಬಳವಿಲ್ಲದೆ ಓದಿನ ತರಗತಿ ನಡೆಸಲು ಬಿಟ್ಟರು. ಸಭೆಗಳಿಂದ ಮಕ್ಕಳ ಓದು ಮುಂದುವರಿಯಲಿಲ್ಲ. (ಭಾಷಣಪ್ರಿಯರಾದ ನಾವು, ಕಾರ್ಯಕಾರಿ ಸಮಿತಿಯವರು, ಇದನ್ನು ಗಮನಿಸಬೇಕು.) ತರಗತಿಗಳಿಂದಲಾದರೋ ಅದು ಸ್ಪಷ್ಟವಾಗಿ ಮುಂದುವರಿಯಿತು: ಮೊದಲು ಏನನ್ನೂ ಓದಲಾರದಿದ್ದು ತರಗತಿಗೆ ಬಂದ ಮಕ್ಕಳಲ್ಲಿ, ಬಾರದವರಿಗಿಂತ ನೂರಕ್ಕೆ 60ರಷ್ಟು ಹೆಚ್ಚು ಮಂದಿ ಅಕ್ಷರ ಗುರುತಿಸಬಲ್ಲವರಾದರು. ಖೇದದ ಸಂಗತಿಯೆಂದರೆ, ಆ ಹಳ್ಳಿಗಳ ಮಕ್ಕಳಲ್ಲಿ ತರಗತಿಗೆ ಬಂದವರು ನೂರಕ್ಕೆ ಸುಮಾರು 8 ಮಂದಿ ಮಾತ್ರ. ಕಲಿಸುವವರು ಇದ್ದರು, ಕಳುಹಿಸುವವರು ಸಾಲದೆ ಹೋದರು.

ನಮ್ಮ ಹತ್ತಿರದ ನಿದರ್ಶನವೂ ಒಂದುಂಟು. ಸಾಂಕ್ರಾಮಿಕದ ಕಾಲದಲ್ಲಿ ಶಾಲೆಗಳು ಮುಚ್ಚಿದ್ದ ತರುವಾಯ, 2021ರ ಅಕ್ಟೋಬರಿನಲ್ಲಿ ತಮಿಳುನಾಡು ಸರಕಾರವು ‘ಇಲ್ಲಂ ತೇಡಿ ಕಲ್ವಿ’, ಅಂದರೆ ಮನೆಯನ್ನರಸಿ ಬರುವ ಶಿಕ್ಷಣ, ಎಂಬ ಯೋಜನೆಯನ್ನು ತೊಡಗಿತು. ತಿಂಗಳಿಗೆ 1000 ರೂಪಾಯಿಯ ಅಲ್ಪ ಗೌರವಧನದ ಮೇಲೆ ಊರೂರಿನ ಸ್ವಯಂಸೇವಕರು, ಬಹುಪಾಲು ಮಹಿಳೆಯರು, ಸಂಜೆಯ ತರಗತಿ ನಡೆಸಿದರು. ಸುಮಾರು 19,000 ಗ್ರಾಮೀಣ ಮಕ್ಕಳನ್ನು ಪರೀಕ್ಷಿಸಿದ ಸಂಶೋಧಕರು ಕಂಡದ್ದಿಷ್ಟು: ಶಾಲೆ ತೆರೆದ ಆರು ತಿಂಗಳಲ್ಲಿ ನಷ್ಟವಾದ ಕಲಿಕೆಯ ಮೂರರಲ್ಲಿ ಎರಡು ಪಾಲು ಮರಳಿತು, ಮರಳಿದುದರಲ್ಲಿ ಸುಮಾರು ಕಾಲು ಭಾಗ ಈ ಸಂಜೆಯ ತರಗತಿಗಳ ಫಲ.

ಇಂತಹ ತರಗತಿಯ ಗುಟ್ಟು ಸರಳವಾದುದು. ಮಗು ಎಷ್ಟನೆಯ ತರಗತಿಯಲ್ಲಿದೆ ಎಂದು ಕೇಳದೆ, ಎಲ್ಲಿಯವರೆಗೆ ಓದಬಲ್ಲದು ಎಂದು ನೋಡಬೇಕು: ಅಕ್ಷರವೇ, ಪದವೇ, ನಾಲ್ಕು ಸಾಲೇ, ಪುಟ್ಟ ಕಥೆಯೇ? ನಿಂತಲ್ಲಿಂದಲೇ ಮುಂದಕ್ಕೆ ನಡೆಸಬೇಕು. ಒಮ್ಮೆ ನಾಲ್ಕನೆಯ ತರಗತಿಯ ಹುಡುಗನೊಬ್ಬನು ನನ್ನೆದುರು ಪಾಠವನ್ನು ಗಡಗಡನೆ ಓದಿದನು. ಸಂತೋಷದಿಂದ ನಡುವಿನ ಒಂದು ಪದದ ಮೇಲೆ ಬೆರಳಿಟ್ಟು ಕೇಳಿದರೆ ಮೌನ! ಪಾಠವೆಲ್ಲ ಅವನಿಗೆ ಬಾಯಿಪಾಠವಾಗಿತ್ತು. ಕಾಗುಣಿತ ಬಲ್ಲ ಯಾರಾದರೂ ಆ ಬೆರಳನ್ನು ಇಡಬಹುದಾಗಿತ್ತು. ಎರಡು ವರ್ಷ ಮೊದಲೇ ಇಡಬಹುದಾಗಿತ್ತು.

ಓದು ಬಾರದ ತಂದೆತಾಯಿಗಳಿಗೂ ಇಲ್ಲಿ ಕೆಲಸವುಂಟು. ಜಗಲಿ ಬಿಟ್ಟುಕೊಡುವುದು, ದೀಪವಿಡುವುದು, ಆ ಒಂದು ಗಂಟೆ ಮಗುವನ್ನು ದನ ಕಟ್ಟಲು, ಅಂಗಡಿಗೆ ಹೋಗಲು ಕರೆಯದಿರುವುದು. ಜೌನ್‌ಪುರದಲ್ಲಿ ಕೊರತೆಯಾದುದು ಇದೇ. ತಮಿಳು ಬಲ್ಲ ನೆರೆಮನೆಯವರು ವಾರದಲ್ಲಿ ಎರಡು ದಿನ ಆ ಭಾಷೆಗೆ ಕುಳಿತರೆ ಮಕ್ಕಳ ಹೊರೆ ಮತ್ತಷ್ಟು ಹಗುರವಾದೀತು.

ಮೇಲಿನ ತರಗತಿಯ ವಿದ್ಯಾರ್ಥಿಗಳೇ, ನೀವೂ ಕುಳಿತುಕೊಳ್ಳಬಹುದು. ತಮ್ಮ ತಂಗಿಯರ ಮನೆಪಾಠವನ್ನು ಮಾತ್ರ ನೀವು ಬರೆದುಕೊಡಬೇಡಿರಿ. ಅವರು ತಡವರಿಸಿದಾಗ ಒಡನೆಯೇ ಪದ ಹೇಳಿಬಿಡದೆ, ಹತ್ತು ಎಣಿಸುವಷ್ಟು ಹೊತ್ತು ಕಾಯಿರಿ.