ಪ್ರೊಪೊಸಿಷನ್ 36 ಮತ್ತು ನಾವು



ಕ್ಯಾಲಿಫೋರ್ನಿಯದಲ್ಲಿ ಕಾನೂನು ಮಾಡಲು ಶಾಸನಸಭೆಯೇ ಬೇಕೆಂದಿಲ್ಲ, ಮತದಾರರೇ ಮಾಡಬಹುದು. ಹೀಗೆ ಮತಕ್ಕೆ ಬರುವ ಮಸೂದೆಗೆ ಪ್ರೊಪೊಸಿಷನ್ ಎಂದು ಹೆಸರು, ಜೊತೆಗೊಂದು ನಂಬರು. 36 ಎಂಬ ನಂಬರನ್ನೇ ನೋಡಿ. 2000ದಲ್ಲಿ ಅದು ಮಾದಕವಸ್ತು ಇಟ್ಟುಕೊಂಡವರಿಗೆ ಜೈಲಿನ ಬದಲು ಚಿಕಿತ್ಸೆ ಎಂದಿತು. 2012ರಲ್ಲಿ ‘ತ್ರೀ ಸ್ಟ್ರೈಕ್ಸ್’ ಕಾನೂನನ್ನು ಸಡಿಲಿಸಿತು. 2024ರಲ್ಲಿ ಅದೇ 36 ಶಿಕ್ಷೆಯನ್ನು ಬಿಗಿಗೊಳಿಸಿತು. ನಮ್ಮ ಕೋಡಿನಲ್ಲಿ ಒಂದೇ ವೇರಿಯಬಲ್‌ಗೆ ಮೂರು ಅರ್ಥ ಕೊಟ್ಟರೆ ಮ್ಯಾನೇಜರ್ ಸುಮ್ಮನೆ ಬಿಡುತ್ತಾರೆಯೇ!

ನಡುವೆ 2014ರಲ್ಲಿ ಪ್ರೊಪೊಸಿಷನ್ 47 ಬಂತು. ಸ್ವಂತ ಬಳಕೆಗೆ ಮಾದಕವಸ್ತು ಇಟ್ಟುಕೊಳ್ಳುವುದು, 950 ಡಾಲರ್ ಮೀರದ ಕಳ್ಳತನ, ಇವು ಸಾಮಾನ್ಯವಾಗಿ ಫೆಲನಿಯಲ್ಲ, ಮಿಸ್‌ಡಿಮೀನರ್ (ಚಿಕ್ಕ ಅಪರಾಧ) ಎಂದಾಯಿತು. ಜೈಲಿನ ಖರ್ಚಿನಲ್ಲಿ ಉಳಿದ ಹಣದ ಶೇ. 65 ಭಾಗ ಚಿಕಿತ್ಸೆಯಂಥ ಕೆಲಸಗಳಿಗೆ, ಶೇ. 25 ಶಾಲೆಗಳಿಗೆ, ಶೇ. 10 ಅಪರಾಧಕ್ಕೆ ತುತ್ತಾದವರ ನೆರವಿಗೆ. ‘950ರ ಒಳಗೆ ಕದ್ದರೆ ಶಿಕ್ಷೆಯೇ ಇಲ್ಲ’ ಎಂದು ನಮ್ಮವರೂ ಹೇಳುವುದನ್ನು ಕೇಳಿದ್ದೇನೆ. ಅದು ಸುಳ್ಳು, ಆರು ತಿಂಗಳವರೆಗೆ ಜೈಲಾಗಬಹುದು.

ಅಂಗಡಿಗಳಲ್ಲಿ ಶಾಂಪೂ, ಸೋಪುಗಳಿಗೂ ಬೀಗ ಬಿದ್ದ ಕಾಲದಲ್ಲಿ, 2024ರ ನವೆಂಬರ್‌ನಲ್ಲಿ, ಸುಮಾರು ಶೇ. 68 ಮತದಾರರು ಹೊಸ 36ನ್ನು ಒಪ್ಪಿದರು. ಡಿಸೆಂಬರ್ 18ರಿಂದ ಅದು ಜಾರಿಯಾಯಿತು. ಹಿಂದೆ ಎರಡು ಸಲ ಕಳ್ಳತನಕ್ಕೆ ಶಿಕ್ಷೆಯಾಗಿದ್ದವರ ಮೇಲೆ, ಮೊತ್ತ ಎಷ್ಟೇ ಚಿಕ್ಕದಿರಲಿ, ಮೂರನೆಯದಕ್ಕೆ ಫೆಲನಿ ಹೊರಿಸಬಹುದು. ಫೆಂಟಾನಿಲ್, ಕೊಕೇನ್‌ನಂಥ ಮಾದಕವಸ್ತುಗಳಿಗೂ ಹೀಗೆಯೇ. ಆದರೆ ಅಲ್ಲಿ ಆರೋಪಿ ಚಿಕಿತ್ಸೆಗೆ ಒಪ್ಪಿ ಅದನ್ನು ಮುಗಿಸಿದರೆ ಕೇಸು ವಜಾ.

ಗ್ರೀನ್ ಕಾರ್ಡಿನ ಸಾಲಿನಲ್ಲಿರುವ ನನಗೆ ಇಲ್ಲಿ ಮತವಿಲ್ಲ. ಆದರೂ ಇದನ್ನು ಬರೆಯಲು ಕಾರಣ ಮುಂದಿನ ಮಾತು. ಈ ಚಿಕಿತ್ಸೆಯ ದಾರಿ ಹಿಡಿಯಲು ಮೊದಲು ಕೋರ್ಟಿನಲ್ಲಿ ತಪ್ಪೊಪ್ಪಿಕೊಳ್ಳಬೇಕು, ಇಲ್ಲವೇ ‘ಪ್ರತಿವಾದಿಸುವುದಿಲ್ಲ’ ಎನ್ನಬೇಕು. ರಾಜ್ಯ ಆಮೇಲೆ ಕೇಸನ್ನು ಅಳಿಸಿದರೂ ಫೆಡರಲ್ ವಲಸೆ ಕಾನೂನು ಅದನ್ನು ಅಪರಾಧ ಸಾಬೀತಾದಂತೆಯೇ ಎಣಿಸಬಹುದು. ಮಿಸ್‌ಡಿಮೀನರ್ ಎಂಬ ಸಮಾಧಾನವೂ ಅಲ್ಲಿ ಸಾಲದು. ಎಚ್-4 ಮೇಲೆ ಬೆಳೆದ ಕಾಲೇಜು ಹುಡುಗನೊಬ್ಬ ಮಾದಕವಸ್ತುವಿನ ಒಂದೇ ಕೇಸಿನಿಂದ ದೇಶ ಬಿಡಬೇಕಾಗಿ ಬರಬಹುದು. ಅದೇ ಕೇಸು ನಾಗರಿಕನಾದ ಗೆಳೆಯನಿಗೆ ದಂಡ, ಚಿಕಿತ್ಸೆಯಲ್ಲೇ ಮುಗಿದೀತು. ಕಳ್ಳತನದ ಸಣ್ಣ ಕೇಸೂ ವೀಸಾ ಅರ್ಜಿಗೆ ತೊಡಕಾದೀತು.

ಆದ್ದರಿಂದ ಯಾರ ಮನೆಗಾದರೂ ಇಂಥ ಕಷ್ಟ ಬಂದರೆ, ‘ಒಪ್ಪಿಕೊಂಡು ಬೇಗ ಮುಗಿಸಿಬಿಡೋಣ’ ಎನ್ನುವ ಮೊದಲು ವಕೀಲರಿಗೆ ವೀಸಾ ಸ್ಥಿತಿ ತಿಳಿಸಿ. ತಪ್ಪೊಪ್ಪಿಕೊಂಡರೆ ಗಡೀಪಾರಾಗುವ ಅಪಾಯವಿದ್ದಲ್ಲಿ ವಕೀಲರು ಅದನ್ನು ಹೇಳಲೇಬೇಕೆಂದು ಸುಪ್ರೀಂ ಕೋರ್ಟ್ 2010ರ ಪಡಿಲ್ಲಾ ಪ್ರಕರಣದಲ್ಲಿ ತೀರ್ಪಿತ್ತಿದೆ. ನಾಚಿಕೆಯಿಂದ ಮುಚ್ಚಿಡಬೇಡಿ.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ ನಮ್ಮ ಹಿರಿಯರು. ಇಲ್ಲಿ ಮಾನದ ಜೊತೆ ವೀಸಾವೂ ಹೋದೀತು. ಊಟಕ್ಕೆ ಕೂತಾಗ ಮಕ್ಕಳಿಗೆ ಒಮ್ಮೆ ಹೇಳಿ.